ಏರಿಳಿಯುವ ಬಿಸಿಲು, ಓಡುವ ಓತಿಕೇತ

(ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳೂ ಆಸಕ್ತ ಸಾರ್ವಜನಿಕರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಎರಡು ಊರುಗಳ ಲೆಕ್ಕದಿಂದ ಮಾತು ಆರಂಭಿಸುತ್ತೇನೆ. ಮಳೆ ಹಿಡಿದ ಜುಲೈ ತಿಂಗಳಿನಲ್ಲಿ ಮಂಗಳೂರಿನ ಹಗಲಿನ ಗರಿಷ್ಠ ಉಷ್ಣತೆ ಸುಮಾರು 29 ಡಿಗ್ರಿ ಸೆಲ್ಸಿಯಸ್, ರಾತ್ರಿಯ ಕನಿಷ್ಠ ಸುಮಾರು 23 ಡಿಗ್ರಿ. ಬೆಂಗಳೂರಿನ ಮಾರ್ಚ್ ತಿಂಗಳಿನಲ್ಲಿ ಗರಿಷ್ಠ ಸುಮಾರು 33, ಕನಿಷ್ಠ ಸುಮಾರು 19ರಿಂದ 20. ಕೂಡಿಸಿ ಎರಡರಿಂದ ಭಾಗಿಸಿದರೆ ಎರಡೂ ಊರುಗಳ ಸರಾಸರಿ 26ರ ಆಸುಪಾಸಿನಲ್ಲೇ ಬಂದು ನಿಲ್ಲುತ್ತದೆ. ಆದರೆ ಮಂಗಳೂರಿನ ತೋಟದ ಕಪ್ಪೆ ದಿನವಿಡೀ ಆರು ಡಿಗ್ರಿಗಳ ಒಳಗೆ ಬದುಕುತ್ತದೆ. ಬೆಂಗಳೂರಿನ ಕಾಂಪೌಂಡು ಗೋಡೆಯ ಮೇಲಿನ ಓತಿಕೇತ ಅದೇ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹದಿಮೂರು ಡಿಗ್ರಿ ಏರಿ ಹದಿಮೂರು ಡಿಗ್ರಿ ಇಳಿಯುತ್ತದೆ. ಗೋಡೆ ಬಿಸಿಲಿಗೆ ಕಾಯುವುದನ್ನು ಸೇರಿಸಿದರೆ ಅಂತರ ಇನ್ನೂ ದೊಡ್ಡದು. ನಾಳೆ ಈ ಎರಡೂ ಪ್ರಾಣಿಗಳು ಎಷ್ಟು ವೇಗವಾಗಿ ಓಡಬಲ್ಲವು, ಎಷ್ಟು ದೂರ ನೆಗೆಯಬಲ್ಲವು, ಎಷ್ಟು ಹೊತ್ತು ದಣಿಯದೆ ಇರಬಲ್ಲವು ಎಂದು ಯಾರಾದರೂ ಕೇಳಿದರೆ, 26 ಎಂಬ ಸಂಖ್ಯೆಯನ್ನು ಹಿಡಿದುಕೊಂಡು ಉತ್ತರಿಸಲು ಸಾಧ್ಯವೇ? ಸಾಧ್ಯವಿಲ್ಲ ಎಂಬುದೇ ಈ ಉಪನ್ಯಾಸದ ವಿಷಯ. ಏಕೆ ಸಾಧ್ಯವಿಲ್ಲ ಎಂಬುದರಲ್ಲಿ ಅದರ ಸ್ವಾರಸ್ಯ ಇದೆ.

ಮೊದಲು ಒಂದು ಪದದ ವಿಚಾರ. ನಾವೆಲ್ಲ ಶಾಲೆಯಲ್ಲಿ ‘ಶೀತರಕ್ತ ಪ್ರಾಣಿಗಳು’ ಎಂದು ಕಲಿತೆವು. ಹೆಸರು ರೂಢಿಯಾಗಿದೆ, ನಾನೂ ಅದನ್ನೇ ಬಳಸುತ್ತೇನೆ, ಆದರೆ ಅದು ಸರಿಯಾದ ಹೆಸರಲ್ಲ. ಬಿಸಿಲು ಕಾಯಿಸಿಕೊಂಡ ಮರುಭೂಮಿಯ ಹಲ್ಲಿಯ ಮೈ 37–38 ಡಿಗ್ರಿಯವರೆಗೂ ಇರುತ್ತದೆ. ಅಂದರೆ ಅದರ ರಕ್ತ ನಮ್ಮ ರಕ್ತದಷ್ಟೇ ಬೆಚ್ಚಗಿರುತ್ತದೆ. ನಮಗೂ ಅದಕ್ಕೂ ಇರುವ ವ್ಯತ್ಯಾಸ ಶಾಖ ಎಲ್ಲಿಂದ ಬರುತ್ತದೆ ಎಂಬುದರಲ್ಲಿದೆ. ನಾವು ಉಂಡ ಅನ್ನದ ಬಹುಪಾಲನ್ನು ಮೈ ಬೆಚ್ಚಗಿಡುವುದಕ್ಕೇ ಉರಿಸುತ್ತೇವೆ. ಓತಿಕೇತ, ಕಪ್ಪೆ, ಮೀನು, ಇರುವೆಗಳು ಶಾಖವನ್ನು ಹೊರಗಿನಿಂದ ಪಡೆಯುತ್ತವೆ. ಇದಕ್ಕೂ ಅಪವಾದಗಳುಂಟು. ಹೆಬ್ಬಾವಿನ ಹೆಣ್ಣು ಮೊಟ್ಟೆಗಳನ್ನು ಸುತ್ತಿಕೊಂಡು ಕುಳಿತಾಗ ಸ್ನಾಯುಗಳನ್ನು ಅದುರಿಸಿ ತಾನೇ ಶಾಖ ಹುಟ್ಟಿಸುತ್ತದೆ. ದೊಡ್ಡ ಪತಂಗಗಳು ಹಾರುವ ಮುನ್ನ ರೆಕ್ಕೆಯ ಸ್ನಾಯುಗಳನ್ನು ನಡುಗಿಸಿ ಎದೆಯನ್ನು ಕಾಯಿಸಿಕೊಳ್ಳುತ್ತವೆ. ಇವುಗಳನ್ನು ಬದಿಗಿಟ್ಟರೆ, ಉಳಿದ ಅಪಾರ ಸಂಖ್ಯೆಯ ಪ್ರಾಣಿಗಳ ಓಟ, ಈಜು, ನೆಗೆತ, ಜೀರ್ಣಕ್ರಿಯೆ, ಬೆಳವಣಿಗೆ ಎಲ್ಲವೂ ಆಯಾ ಕ್ಷಣದ ಮೈಯ ಉಷ್ಣತೆಗೆ ಕಟ್ಟುಬಿದ್ದಿವೆ.

ಈ ಕಟ್ಟನ್ನು ಕಾಗದದ ಮೇಲೆ ಒಂದು ರೇಖೆಯಾಗಿ ಬಿಡಿಸಬಹುದು. ಅಡ್ಡಗೆರೆಯ ಮೇಲೆ ಮೈಯ ಉಷ್ಣತೆ, ನಿಲುಗೆರೆಯ ಮೇಲೆ ಓಟದ ವೇಗ. ತಣ್ಣಗಿರುವಾಗ ಪ್ರಾಣಿ ಹೆಜ್ಜೆಯನ್ನೂ ಎತ್ತಿಡಲಾರದು. ಬಿಸಿ ಏರಿದಂತೆ ವೇಗ ಮೊದಲು ನಿಧಾನವಾಗಿ, ಆಮೇಲೆ ಬೇಗಬೇಗನೆ ಏರುತ್ತದೆ. ಒಂದು ಹದವಾದ ಉಷ್ಣತೆಯಲ್ಲಿ ಶಿಖರ ಮುಟ್ಟುತ್ತದೆ. ಅಲ್ಲಿಂದ ಮುಂದೆ ನಾಲ್ಕಾರು ಡಿಗ್ರಿಗಳಲ್ಲೇ ಪ್ರಪಾತಕ್ಕೆ ಬಿದ್ದಂತೆ ಕುಸಿಯುತ್ತದೆ. ಏರುವ ಕಡೆ ಇಳಿಜಾರು ಉದ್ದ, ಬೀಳುವ ಕಡೆ ಕಡಿದು. ನಮ್ಮ ಘಟ್ಟಗಳನ್ನು ಬಯಲುಸೀಮೆಯ ಕಡೆಯಿಂದ ಹತ್ತಿ ಕರಾವಳಿಯ ಕಡೆಗೆ ಇಳಿದವರಿಗೆ ಈ ಆಕಾರ ಚೆನ್ನಾಗಿ ಗೊತ್ತು. ಏರುವ ಭಾಗಕ್ಕೆ ಕಾರಣ ರಸಾಯನಶಾಸ್ತ್ರದ್ದು: ಜೀವಕೋಶದೊಳಗಿನ ಕ್ರಿಯೆಗಳ ವೇಗ ಹತ್ತು ಡಿಗ್ರಿ ಏರಿದಾಗ ಸುಮಾರಾಗಿ ಎರಡರಿಂದ ಮೂರು ಪಟ್ಟಾಗುತ್ತದೆ. ಬೀಳುವ ಭಾಗಕ್ಕೆ ಕಾರಣಗಳು ಹಲವು. ಪ್ರೋಟೀನುಗಳ ಮಡಿಕೆಗಳು ಬಿಚ್ಚಿಕೊಳ್ಳತೊಡಗುತ್ತವೆ, ಜೀವಕೋಶದ ಪೊರೆಗಳು ಅತಿಯಾಗಿ ಸಡಿಲವಾಗುತ್ತವೆ, ಅನೇಕ ಜಲಚರಗಳಲ್ಲಿ ಆಮ್ಲಜನಕದ ಬೇಡಿಕೆಯು ಪೂರೈಕೆಯನ್ನು ಮೀರುತ್ತದೆ. ರೇಖೆಯ ಅಗಲ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಅಂಟಾರ್ಕ್ಟಿಕಾದ ಕೆಲವು ಮೀನುಗಳು ಸೊನ್ನೆಗಿಂತಲೂ ಕೆಳಗಿನ, ಸುಮಾರು ಮೈನಸ್ 1.9 ಡಿಗ್ರಿಯ ಸಮುದ್ರದಲ್ಲಿ ಹಾಯಾಗಿ ಈಜುತ್ತವೆ; 6 ಡಿಗ್ರಿಯ ನೀರಿಗೆ ತಂದರೆ ಬಿಸಿ ತಾಳಲಾರದೆ ಸಾಯುತ್ತವೆ. ನಮ್ಮ ಫ್ರಿಜ್ಜಿನೊಳಗಿನ ತಂಪು ಅವಕ್ಕೆ ಸುಡುಬಿಸಿಲು.

ಏರುವ ಭಾಗ ಎಷ್ಟು ಕರಾರುವಾಕ್ಕಾಗಿರಬಲ್ಲದು ಎಂಬುದಕ್ಕೆ ಎರಡು ಹಳೆಯ ಪ್ರಸಂಗಗಳಿವೆ, ಎರಡರಲ್ಲೂ ಕೆಲಸ ಮಾಡಿದವರು ಪ್ರಾಣಿಶಾಸ್ತ್ರಜ್ಞರಲ್ಲ. 1897ರಲ್ಲಿ ಅಮೆರಿಕದ ಭೌತಶಾಸ್ತ್ರಜ್ಞ ಏಮಸ್ ಡಾಲ್ಬೇರ್, ರಾತ್ರಿ ಹೊತ್ತು ಚಿರ್ ಎಂದು ಕೂಗುವ ಚಿಮ್ಮಂಡೆಯನ್ನು ಉಷ್ಣಮಾಪಕದಂತೆ ಬಳಸಬಹುದೆಂದು ಬರೆದರು. ಅವರ ಸೂತ್ರದ ಪ್ರಕಾರ ಹದಿನೈದು ಸೆಕೆಂಡುಗಳಲ್ಲಿ ಕೇಳಿದ ಕೂಗುಗಳಿಗೆ 40 ಕೂಡಿಸಿದರೆ ಫ್ಯಾರನ್‌ಹೀಟ್ ಲೆಕ್ಕದ ಉಷ್ಣತೆ ಸಿಗುತ್ತದೆ. ಇನ್ನೊಬ್ಬರು ಖಗೋಳವಿಜ್ಞಾನಿ ಹಾರ್ಲೋ ಶೇಪ್ಲಿ. ನಮ್ಮ ಸೂರ್ಯ ಆಕಾಶಗಂಗೆಯ ನಡುವಿನಲ್ಲಿಲ್ಲ, ಬಹುದೂರದ ಒಂದು ಮಗ್ಗುಲಿನಲ್ಲಿದ್ದಾನೆ ಎಂದು ತೋರಿಸಿದವರು ಇವರೇ. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ರಾತ್ರಿಯೆಲ್ಲ ನಕ್ಷತ್ರ ನೋಡಿ, ಬಿಡುವಿನ ಹೊತ್ತಿನಲ್ಲಿ ಕೈಯಲ್ಲಿ ಗಡಿಯಾರ ಹಿಡಿದು, ಸಾಲುಗಟ್ಟಿ ಓಡುವ ಇರುವೆಗಳ ವೇಗವನ್ನು ಅಳೆದರು. ಇರುವೆಗಳ ವೇಗ ಗೊತ್ತಿದ್ದರೆ ಅಲ್ಲಿನ ಉಷ್ಣತೆಯನ್ನು ಸುಮಾರು ಒಂದು ಡಿಗ್ರಿಯ ಒಳಗೆ ಹೇಳಬಹುದೆಂದು 1920ರಲ್ಲಿ ಪ್ರಕಟಿಸಿದರು. ಗ್ಯಾಲಕ್ಸಿಯನ್ನು ಅಳೆದವರಿಗೆ ಇರುವೆಯ ಓಟವೂ ಅಷ್ಟೇ ಗಂಭೀರವಾದ ವಿಷಯವಾಗಿತ್ತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಈಗ ಮುಖ್ಯ ವಿಚಾರಕ್ಕೆ ಬರೋಣ. ರೇಖೆ ನೇರವಾಗಿದ್ದರೆ ಏರಿಳಿತದಿಂದ ಏನೂ ಆಗುತ್ತಿರಲಿಲ್ಲ. ಬಿಸಿಯ ಹೊತ್ತಿನಲ್ಲಿ ಗಳಿಸಿದ್ದು ತಂಪಿನ ಹೊತ್ತಿನಲ್ಲಿ ಕಳೆದದ್ದಕ್ಕೆ ಸರಿಹೋಗುತ್ತಿತ್ತು. ರೇಖೆ ಬಾಗಿರುವುದರಿಂದಲೇ ಎಲ್ಲ ತೊಡಕು, ಎಲ್ಲ ಸ್ವಾರಸ್ಯ. ಒಂದು ಕಾಲ್ಪನಿಕ ಓತಿಕೇತವನ್ನು ಇಟ್ಟುಕೊಳ್ಳೋಣ. ಈ ಅಂಕಿಗಳನ್ನು ನಾನೇ ಲೆಕ್ಕದ ಅನುಕೂಲಕ್ಕಾಗಿ ಹಾಕಿದ್ದೇನೆ. ಅದು 16 ಡಿಗ್ರಿಯಲ್ಲಿ ಸೆಕೆಂಡಿಗೆ 0.4 ಮೀಟರ್, 26ರಲ್ಲಿ 1 ಮೀಟರ್, 36ರಲ್ಲಿ 2.4 ಮೀಟರ್ ಓಡುತ್ತದೆ ಎನ್ನೋಣ. ಸದಾ 26 ಡಿಗ್ರಿಯಲ್ಲೇ ಇಟ್ಟರೆ ಅದರ ವೇಗ 1 ಮೀಟರ್. ಅರ್ಧ ಹೊತ್ತು 16ರಲ್ಲಿ, ಅರ್ಧ ಹೊತ್ತು 36ರಲ್ಲಿ ಇಟ್ಟರೆ ಸರಾಸರಿ ಉಷ್ಣತೆ ಅದೇ 26, ಆದರೆ ಸರಾಸರಿ ವೇಗ 1.4 ಮೀಟರ್. ಏರಿಳಿತದಿಂದ ಅದಕ್ಕೆ ಲಾಭವಾಯಿತು. ಈಗ ಅದೇ ಪ್ರಾಣಿಯನ್ನು ಶಿಖರದ ಸಮೀಪಕ್ಕೆ ಒಯ್ಯೋಣ. 34 ಡಿಗ್ರಿಯಲ್ಲಿ ಅದರ ವೇಗ 2.3 ಮೀಟರ್, 28ರಲ್ಲಿ 1.3, 40ರಲ್ಲಿ, ಅಂದರೆ ಪ್ರಪಾತದ ಬದಿಯಲ್ಲಿ, 0.7. ಸದಾ 34ರಲ್ಲಿದ್ದರೆ 2.3 ಮೀಟರ್ ಓಡಬೇಕಾದದ್ದು, 28 ಮತ್ತು 40ರ ನಡುವೆ ತೂಗಾಡಿದರೆ ಸರಾಸರಿ 1 ಮೀಟರಿಗೆ ಇಳಿಯುತ್ತದೆ. ಇಲ್ಲೂ ಉಷ್ಣತೆಯ ಸರಾಸರಿ ಬದಲಾಗಲಿಲ್ಲ; ವೇಗ ಅರ್ಧಕ್ಕಿಂತ ಕಡಿಮೆಯಾಯಿತು.

ಇದರ ಹಿಂದಿರುವ ಗಣಿತವನ್ನು ಜೆನ್ಸೆನ್ ಅಸಮತೆ ಎಂದು ಕರೆಯುತ್ತಾರೆ. ಯೋಹಾನ್ ಜೆನ್ಸೆನ್ ಡೆನ್ಮಾರ್ಕಿನವರು; ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಎಂಜಿನಿಯರಾಗಿ ದುಡಿಯುತ್ತಾ ಬಿಡುವಿನಲ್ಲಿ ಗಣಿತ ಮಾಡಿದವರು, ಯಾವ ವಿಶ್ವವಿದ್ಯಾಲಯದಲ್ಲೂ ಪ್ರಾಧ್ಯಾಪಕರಾಗಿರಲಿಲ್ಲ. 1906ರಲ್ಲಿ ಅವರು ಪ್ರಕಟಿಸಿದ ಪ್ರಮೇಯವನ್ನು ಹೀಗೆ ಹೇಳಬಹುದು: ರೇಖೆಯು ಬಟ್ಟಲಿನಂತೆ ಮೇಲಕ್ಕೆ ಬಾಗಿರುವಲ್ಲಿ ಏರಿಳಿತವು ಸರಾಸರಿ ಫಲವನ್ನು ಹೆಚ್ಚಿಸುತ್ತದೆ, ಮಗುಚಿಟ್ಟ ಬಟ್ಟಲಿನಂತೆ ಕೆಳಕ್ಕೆ ಬಾಗಿರುವಲ್ಲಿ ತಗ್ಗಿಸುತ್ತದೆ. ಓತಿಕೇತದ ರೇಖೆಯಲ್ಲಿ ತಂಪಿನ ಕಡೆ ಮೊದಲನೆಯ ಆಕಾರ, ಶಿಖರದ ಸುತ್ತ ಎರಡನೆಯ ಆಕಾರ. ಆದ್ದರಿಂದ ‘ಉಷ್ಣತೆಯ ಏರಿಳಿತ ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಪ್ರಾಣಿ ತನ್ನ ರೇಖೆಯ ಯಾವ ಭಾಗದಲ್ಲಿ ಬದುಕುತ್ತಿದೆ ಎಂಬುದನ್ನು ಮೊದಲು ಕೇಳಬೇಕು.

ಇದು ಬರೀ ಕಾಗದದ ಲೆಕ್ಕವಲ್ಲ. ಮಲೇರಿಯಾ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಇನ್ನೊಬ್ಬರನ್ನು ಕಚ್ಚುವ ಹೊತ್ತಿಗೆ ಸಿದ್ಧವಾಗಲು ಹಿಡಿಯುವ ಕಾಲ ಸೊಳ್ಳೆಯ ಮೈಯ ಉಷ್ಣತೆಯನ್ನು ಅವಲಂಬಿಸಿದೆ. ಹಗಲು–ರಾತ್ರಿಯ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಂಡು 2009ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಸರಾಸರಿ ಸುಮಾರು 21 ಡಿಗ್ರಿಗಿಂತ ಕಡಿಮೆಯಿರುವ ತಂಪು ಪ್ರದೇಶಗಳಲ್ಲಿ ಈ ಏರಿಳಿತ ರೋಗಾಣುವಿನ ಬೆಳವಣಿಗೆಯನ್ನು ಚುರುಕುಗೊಳಿಸುತ್ತದೆ, ಅದಕ್ಕಿಂತ ಬಿಸಿಯಾದ ಕಡೆ ನಿಧಾನಿಸುತ್ತದೆ. ತಿಂಗಳ ಸರಾಸರಿಯನ್ನಷ್ಟೇ ನೋಡಿ ರೋಗದ ನಕ್ಷೆ ಬರೆದರೆ ಗುಡ್ಡಗಾಡಿನ ಅಪಾಯವನ್ನು ಕಡಿಮೆ, ಬಯಲಿನ ಅಪಾಯವನ್ನು ಹೆಚ್ಚು ಎಂದು ತಪ್ಪಾಗಿ ಅಂದಾಜಿಸುವಂತಾಗುತ್ತದೆ. ನಗರಗಳ ಮಲೇರಿಯಾವನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ನಮ್ಮದೇ ಪ್ರದೇಶದ್ದು, ಮಂಗಳೂರಿನವರಿಗೆ ಅದರ ಪರಿಚಯ ಹೆಚ್ಚು ಬೇಕಿಲ್ಲ.

ಇಲ್ಲಿಯವರೆಗೆ ‘ದೈಹಿಕ ಸಾಮರ್ಥ್ಯ’ ಎಂಬುದನ್ನು ಒಂದೇ ವಸ್ತುವೆಂಬಂತೆ ಹೇಳುತ್ತಾ ಬಂದೆ. ಅದು ಸರಿಯಲ್ಲ. ಸ್ನಾಯುವಿನ ಕೆಲಸದಲ್ಲೇ ಎರಡು ಅಂಶಗಳನ್ನು ಬೇರ್ಪಡಿಸಬೇಕು: ಅದು ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದು ಒಂದು, ಎಷ್ಟು ಬೇಗ ಎಳೆಯುತ್ತದೆ ಎಂಬುದು ಇನ್ನೊಂದು. ಉಷ್ಣತೆ ಇಳಿದಾಗ ವೇಗ ತೀವ್ರವಾಗಿ ಕುಗ್ಗುತ್ತದೆ. ಬಲ ಅಷ್ಟಾಗಿ ಕುಗ್ಗುವುದಿಲ್ಲ. ಓಟಕ್ಕೆ ವೇಗ ಬೇಕು, ಕಚ್ಚಿ ಹಿಡಿಯುವುದಕ್ಕೆ ಬಲ ಸಾಕು. ಈ ಚಿಕ್ಕ ವ್ಯತ್ಯಾಸದಿಂದ ಪ್ರಾಣಿಯ ನಡವಳಿಕೆಯೇ ಬದಲಾಗುತ್ತದೆ. ಇಸ್ರೇಲಿನ ಬಯಲುಗಳಲ್ಲಿ ಗಿಡಮರಗಳ ಮರೆಯಿಲ್ಲದೆ ಬದುಕುವ ಎರಡು ಜಾತಿಯ ಓತಿಕೇತಗಳ ಬಗ್ಗೆ 1982ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮೈ ಬೆಚ್ಚಗಿದ್ದಾಗ ಶತ್ರು ಹತ್ತಿರ ಬಂದರೆ ಅವು ಓಡಿಹೋಗುತ್ತಿದ್ದವು. ತಣ್ಣಗಿದ್ದಾಗ ಓಡುವ ಬದಲು ನಿಂತ ನೆಲದಲ್ಲೇ ತಿರುಗಿಬಿದ್ದು ಬಾಯಿ ತೆರೆದು ಮೇಲೆರಗುತ್ತಿದ್ದವು. ಓಡಿದರೆ ಸಿಕ್ಕಿಬೀಳುವುದು ಖಚಿತವಾದಾಗ ಕಚ್ಚುವುದೇ ಮೇಲು. ಇಪ್ಪತ್ತೈದು ವರ್ಷಗಳ ನಂತರ ಆ ಗುಂಪಿನ ಓತಿಕೇತಗಳ ಕಡಿತದ ಬಲವನ್ನೇ ಅಳೆದು ನೋಡಿದಾಗ, ಓಟದಷ್ಟು ಅದು ಉಷ್ಣತೆಗೆ ಅಧೀನವಾಗಿಲ್ಲ ಎಂಬುದು ದೃಢಪಟ್ಟಿತು. ಬೆಳಗಿನ ಜಾವದಲ್ಲಿ ಕಲ್ಲಿನಡಿ ಮುದುಡಿಕೊಂಡ ಹಾವನ್ನೋ ಉಡವನ್ನೋ ‘ಮರಗಟ್ಟಿದೆ, ಏನೂ ಮಾಡದು’ ಎಂದುಕೊಂಡು ಮುಟ್ಟಲು ಹೋಗಬೇಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಈ ಕಾರಣಕ್ಕೆ.

ಇದಕ್ಕಿಂತ ಚಮತ್ಕಾರದ ಉದಾಹರಣೆ ಗೋಸುಂಬೆಯದು. ಅದರ ನಾಲಗೆ ಹುಳದತ್ತ ಚಿಮ್ಮುವುದು ಸ್ನಾಯು ಆ ಕ್ಷಣದಲ್ಲಿ ಎಳೆಯುವುದರಿಂದಲ್ಲ. ಕ್ಯಾಟರ್‌ಬಿಲ್ಲಿನ ರಬ್ಬರನ್ನು ನಿಧಾನವಾಗಿ ಎಳೆದು ಹಿಡಿದು ಒಮ್ಮೆಗೆ ಬಿಡುವಂತೆ, ಸ್ನಾಯು ಮೊದಲು ಹಿಗ್ಗುವ ಅಂಗಾಂಶವೊಂದರಲ್ಲಿ ಶಕ್ತಿಯನ್ನು ತುಂಬಿಡುತ್ತದೆ, ಆಮೇಲೆ ಅದು ತಾನಾಗಿ ಚಿಮ್ಮುತ್ತದೆ. ಶಕ್ತಿ ತುಂಬಲು ತುಸು ಹೆಚ್ಚು ಹೊತ್ತು ಹಿಡಿದರೂ ಚಿಮ್ಮುವಿಕೆಗೆ ಕೊರತೆಯಾಗುವುದಿಲ್ಲ. ಅರೇಬಿಯಾದ ಒಂದು ಜಾತಿಯ ಗೋಸುಂಬೆಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಷ್ಣತೆ 10 ಡಿಗ್ರಿ ಇಳಿದಾಗ ನಾಲಗೆ ಚಿಮ್ಮುವ ಸಾಮರ್ಥ್ಯ ಶೇಕಡಾ 10ರಿಂದ 19ರಷ್ಟು ಮಾತ್ರ ಕುಗ್ಗಿತು. ಹುಳ ಅಂಟಿದ ನಾಲಗೆಯನ್ನು ಸ್ನಾಯುವಿನಿಂದಲೇ ಹಿಂದಕ್ಕೆಳೆದುಕೊಳ್ಳುವ ಸಾಮರ್ಥ್ಯ ಶೇಕಡಾ 42ಕ್ಕೂ ಹೆಚ್ಚು ಕುಗ್ಗಿತು. ಒಂದೇ ನಾಲಗೆ, ಹೋಗುವಾಗ ಒಂದು ರೇಖೆ, ಬರುವಾಗ ಇನ್ನೊಂದು. ಹೀಗಾಗಿ ಬೇರೆ ಹಲ್ಲಿಗಳು ಇನ್ನೂ ಬಿಸಿಲಿಗಾಗಿ ಕಾಯುತ್ತಿರುವ ತಂಪು ಬೆಳಗಿನಲ್ಲೇ ಗೋಸುಂಬೆ ಬೇಟೆ ಆರಂಭಿಸಬಲ್ಲದು.

ಇನ್ನೊಂದು ತೊಡಕು ಕಾಲದ್ದು. ಜೆನ್ಸೆನ್ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ: ಪ್ರಾಣಿಗೆ ನೆನಪಿಲ್ಲ ಎಂಬುದು. ಅಂದರೆ 36 ಡಿಗ್ರಿಯಲ್ಲಿ ಅದು ಹೇಗೆ ಓಡುತ್ತದೆ ಎಂಬುದು ಒಂದು ಗಂಟೆ ಹಿಂದೆ ಅದು ಎಲ್ಲಿತ್ತು, ಒಂದು ವಾರ ಹಿಂದೆ ಹೇಗಿತ್ತು ಎಂಬುದನ್ನು ಅವಲಂಬಿಸಿಲ್ಲ ಎಂದು ಲೆಕ್ಕ ನಂಬುತ್ತದೆ. ನಿಜವಾದ ಪ್ರಾಣಿಗಳಿಗೆ ನೆನಪು ಇದೆ, ಮಿದುಳಿನಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಪೊರೆಯಲ್ಲೂ ಇದೆ. ಆಸ್ಟ್ರೇಲಿಯಾದ ಒಂದು ಜಾತಿಯ ಜೌಗು ಕಪ್ಪೆಯ ಮೊಟ್ಟೆ ಮತ್ತು ಗೊದಮೊಟ್ಟೆಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಸಂಶೋಧಕರು 18, 22, 26, 30, 34 ಡಿಗ್ರಿಗಳ ಸ್ಥಿರ ಉಷ್ಣತೆಗಳಲ್ಲಿ ಅವುಗಳನ್ನು ಬೆಳೆಸಿ ರೇಖೆ ಬರೆದರು. ಆ ರೇಖೆಯಿಂದ, 18ರಿಂದ 28ರವರೆಗೆ ಮತ್ತು 18ರಿಂದ 34ರವರೆಗೆ ಏರಿಳಿಯುವ ನೀರಿನಲ್ಲಿ ಬೆಳವಣಿಗೆ ಹೇಗಿರಬೇಕೆಂದು ಮುಂಗಾಣಲು ನೋಡಿದರು. ಮುಂಗಾಣ್ಕೆ ಚೆನ್ನಾಗಿ ಹೊಂದಲಿಲ್ಲ. ದೊಡ್ಡ ಏರಿಳಿತದಲ್ಲಂತೂ ಇನ್ನಷ್ಟು ತಪ್ಪಿತು. ತಪ್ಪಿದ ದಿಕ್ಕು ಗಮನಾರ್ಹ: ಬೆಳವಣಿಗೆಯ ಹೆಚ್ಚಿನ ಹಂತಗಳಲ್ಲಿ ಗೊದಮೊಟ್ಟೆಗಳು ಲೆಕ್ಕ ಹೇಳಿದ್ದಕ್ಕಿಂತ ಬೇಗ ಬೆಳೆದವು. 34 ಡಿಗ್ರಿಯಲ್ಲಿ ದಿನಗಟ್ಟಲೆ ಇದ್ದರೆ ಕುಗ್ಗಿಹೋಗುವ ಜೀವ, ಅದೇ 34ನ್ನು ಮಧ್ಯಾಹ್ನದ ಕೆಲವು ಗಂಟೆಗಳ ಮಟ್ಟಿಗೆ ಕಂಡು ಹಿಂದಿರುಗಿದರೆ, ಆ ಬಿಸಿಯ ವೇಗವನ್ನು ಬಳಸಿಕೊಂಡು ಹಾನಿಯಿಂದ ತಪ್ಪಿಸಿಕೊಳ್ಳುತ್ತದೆ. ಒಲೆಯ ಮೇಲಿನ ಹಾಲು ಕುದಿ ಬರುವಷ್ಟರಲ್ಲಿ ಇಳಿಸಿದರೆ ಉಕ್ಕುವುದಿಲ್ಲ. ಹೆಚ್ಚು ಕಡಿಮೆ ಅದೇ ಲೆಕ್ಕ.

ದಿನದೊಳಗಿನ ಏರಿಳಿತ ಒಂದಾದರೆ ಋತುವಿನ ಏರಿಳಿತ ಇನ್ನೊಂದು, ಅದಕ್ಕೆ ಮೈ ಬೇರೆ ರೀತಿಯಲ್ಲಿ ಒಗ್ಗುತ್ತದೆ. ಚಳಿಗಾಲದಲ್ಲಿ ನಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಆಗುವುದಿಲ್ಲ. ಜೀವಕೋಶದ ಪೊರೆಯೂ ಕೊಬ್ಬಿನದೇ. ನೀರು ತಣ್ಣಗಾದಾಗ ಮೀನು ತನ್ನ ಪೊರೆಯಲ್ಲಿ ಕಡಲೆಕಾಯಿ ಎಣ್ಣೆಯಂಥ, ಬೇಗ ಹೆಪ್ಪುಗಟ್ಟದ ಕೊಬ್ಬಿನಾಮ್ಲಗಳ ಪಾಲನ್ನು ಹೆಚ್ಚಿಸಿಕೊಂಡು ಪೊರೆಯ ಸಡಿಲತೆಯನ್ನು ಕಾಪಾಡಿಕೊಳ್ಳುತ್ತದೆ. ಸಾಮಾನ್ಯ ಗೆಂಡೆ ಮೀನು, ಅಂದರೆ ಕಾರ್ಪ್, ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ತಣ್ಣೀರಿಗೆ ಒಗ್ಗುವಾಗ ಸ್ನಾಯುವನ್ನು ನಡೆಸುವ ಮಯೋಸಿನ್ ಎಂಬ ಪ್ರೋಟೀನಿನ ಬೇರೊಂದು ರೂಪವನ್ನೇ ತಯಾರಿಸಿಕೊಳ್ಳುತ್ತದೆ. ಫಲವಾಗಿ ತಣ್ಣೀರಿನಲ್ಲಿ ಅದರ ಈಜು ಸುಧಾರಿಸುತ್ತದೆ, ಬಿಸಿ ನೀರಿನಲ್ಲಿ ತುಸು ಹಿಂದೆ ಬೀಳುತ್ತದೆ. ಆದರೆ ಈ ಮಾರ್ಪಾಡಿಗೆ ವಾರಗಳು ಬೇಕು. ಬೆಳಿಗ್ಗೆ ಒಂದು ಮಯೋಸಿನ್, ಮಧ್ಯಾಹ್ನ ಇನ್ನೊಂದು ಎಂದು ಬದಲಿಸಿಕೊಳ್ಳಲು ಯಾವ ಮೀನಿಗೂ ಆಗದು.

ಗಂಟೆಗಳ ಮಟ್ಟಿಗೆ ನೆರವಾಗುವುದು ಬೇರೊಂದು ವ್ಯವಸ್ಥೆ. ಅದು ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. ಇಟಲಿಯ ಫೆರುಚಿಯೋ ರಿತೋಸಾ ಹಣ್ಣಿನ ನೊಣದ ವರ್ಣತಂತುಗಳನ್ನು ನೋಡುತ್ತಿದ್ದಾಗ, ಅವುಗಳನ್ನಿಟ್ಟಿದ್ದ ಪೆಟ್ಟಿಗೆಯ ಬಿಸಿಯನ್ನು ಯಾರೋ ಏರಿಸಿಬಿಟ್ಟಿದ್ದರು. ವರ್ಣತಂತುಗಳ ಮೇಲೆ ಅದುವರೆಗೆ ಕಾಣದ ಉಬ್ಬುಗಳು ಎದ್ದಿದ್ದವು. 1962ರಲ್ಲಿ ಅವರು ಅದನ್ನು ಪ್ರಕಟಿಸಿದರು. ಆ ಉಬ್ಬುಗಳಲ್ಲಿದ್ದ ವಂಶವಾಹಿಗಳು ತಯಾರಿಸುವ ಪ್ರೋಟೀನುಗಳನ್ನು ಈಗ ಶಾಖಾಘಾತ ಪ್ರೋಟೀನುಗಳು ಎನ್ನುತ್ತೇವೆ. ಬಿಸಿಗೆ ಬಿಚ್ಚಿಕೊಂಡ ಇತರ ಪ್ರೋಟೀನುಗಳನ್ನು ಹಿಡಿದು ಮತ್ತೆ ಮಡಿಸುವುದು ಇವುಗಳ ಕೆಲಸ. ಸಾವು ತರದಷ್ಟು ಬಿಸಿಯನ್ನು ಒಮ್ಮೆ ಕಂಡ ನೊಣ, ಕೆಲವು ಗಂಟೆಗಳ ನಂತರ ಬರುವ ಹೆಚ್ಚಿನ ಬಿಸಿಯನ್ನು ತಾಳಿಕೊಳ್ಳುವುದು ಇವುಗಳಿಂದಲೇ. ಇದು ಪುಕ್ಕಟೆ ಸಿಗುವುದಿಲ್ಲ. ಈ ಪ್ರೋಟೀನುಗಳನ್ನು ಅತಿಯಾಗಿ ತಯಾರಿಸುವ ಮರಿಹುಳುಗಳ ಬೆಳವಣಿಗೆ ಕುಂಠಿತಗೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಪ್ರಾಣಿಯನ್ನು ಪ್ರಯೋಗಶಾಲೆಯ ಪೆಟ್ಟಿಗೆಯಲ್ಲಿ ಸುಮ್ಮನೆ ಕುಳಿತಿರುವ ವಸ್ತುವಿನಂತೆ ವರ್ಣಿಸಿದ ಹಾಗಾಯಿತು. ಹೊರಗೆ ಅದು ಸುಮ್ಮನೆ ಕೂರುವುದಿಲ್ಲ. 1944ರಲ್ಲಿ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬ ಇಬ್ಬರು ಅಮೆರಿಕನ್ನರು ಮರುಭೂಮಿಯ ಸರೀಸೃಪಗಳ ಬಗ್ಗೆ ಬರೆದ ಪ್ರಬಂಧ ಈ ಕ್ಷೇತ್ರದ ದಿಕ್ಕನ್ನು ಬದಲಿಸಿತು. ಹಲ್ಲಿಗಳು ಬಿಸಿಲಿಗೆ ಬಂದು, ನೆರಳಿಗೆ ಸರಿದು, ಮೈಯನ್ನು ಸೂರ್ಯನಿಗೆ ಅಡ್ಡವಾಗಿಯೋ ನೇರವಾಗಿಯೋ ತಿರುಗಿಸಿ, ಹೊಟ್ಟೆಯನ್ನು ಕಾದ ಕಲ್ಲಿಗೆ ಒತ್ತಿ, ತಮ್ಮ ಉಷ್ಣತೆಯನ್ನು ಬಹಳ ಇಕ್ಕಟ್ಟಾದ ಮಿತಿಯೊಳಗೆ ಹಿಡಿದಿಟ್ಟುಕೊಳ್ಳುತ್ತವೆ ಎಂದು ಅವರು ತೋರಿಸಿದರು. ರಾಮನಗರ, ನಂದಿಬೆಟ್ಟ, ಕೋಲಾರದ ಕಡೆಯ ಬಂಡೆಗಳ ಮೇಲೆ ಕಾಣುವ ಬಂಡೆ ಓತಿಕೇತವನ್ನು ಒಂದು ಗಂಟೆ ನೋಡುತ್ತಾ ಕುಳಿತರೆ ಇದೆಲ್ಲವೂ ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಪ್ರಾಣಿಯನ್ನು ನಗರದಲ್ಲೂ ಹಳ್ಳಿಗಾಡಿನಲ್ಲೂ ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಹೆಣ್ಣನ್ನು ಒಲಿಸಿಕೊಳ್ಳುವ ಕಾಲದಲ್ಲಿ ಕೆಂಪು–ಕಪ್ಪು ಬಣ್ಣ ತಳೆದು ಎತ್ತರದ ಬಂಡೆಯ ಮೇಲೆ ತಲೆ ಕುಣಿಸುವ ಗಂಡು, ಅಷ್ಟು ಹೊತ್ತೂ ಬಿಸಿಲಿನ ಲೆಕ್ಕವನ್ನು ಇಡುತ್ತಲೇ ಇರಬೇಕಾಗುತ್ತದೆ.

ಇಲ್ಲಿ ಒಂದು ಒಗಟು ಇತ್ತು. ಆರಿಸಿಕೊಳ್ಳುವ ಅವಕಾಶ ಕೊಟ್ಟರೆ ಹಲ್ಲಿಗಳು ಸಾಮಾನ್ಯವಾಗಿ ತಾವು ಅತಿ ವೇಗವಾಗಿ ಓಡಬಲ್ಲ ಉಷ್ಣತೆಗಿಂತ ತುಸು ಕೆಳಗೇ ನಿಲ್ಲುತ್ತವೆ. ಶಿಖರ ಬಿಟ್ಟು ಕೆಳಗೇಕೆ? 2008ರಲ್ಲಿ ಮಾರ್ಟಿನ್ ಮತ್ತು ಹ್ಯೂಯಿ ಎಂಬ ಸಂಶೋಧಕರು ಕೊಟ್ಟ ಉತ್ತರ ನಾವು ಆಗಲೇ ನೋಡಿದ ರೇಖೆಯ ಆಕಾರದಲ್ಲೇ ಇದೆ. ಯಾವ ಹಲ್ಲಿಯೂ ತನ್ನ ಉಷ್ಣತೆಯನ್ನು ಪೂರ್ತಿ ನಿಖರವಾಗಿ ಹಿಡಿದಿಡಲಾರದು, ಎರಡು ಡಿಗ್ರಿ ಆ ಕಡೆ ಈ ಕಡೆ ಆಗಿಯೇ ಆಗುತ್ತದೆ. ಶಿಖರದ ಮೇಲೆಯೇ ನಿಂತರೆ ಎರಡು ಡಿಗ್ರಿ ತಪ್ಪುವುದೆಂದರೆ ಪ್ರಪಾತದ ಕಡೆಗೆ ಜಾರುವುದು. ತುಸು ಕೆಳಗೆ ನಿಂತರೆ ಅದೇ ತಪ್ಪಿನಿಂದ ಆಗುವ ನಷ್ಟ ಅತ್ಯಲ್ಪ. ಘಟ್ಟದ ರಸ್ತೆಯಲ್ಲಿ ಗಾಡಿ ಓಡಿಸುವವರು ಕಣಿವೆಯ ಅಂಚಿಗೆ ಚಕ್ರ ತಾಗಿಸಿಕೊಂಡು ಹೋಗುವುದಿಲ್ಲ. ಏರಿಳಿತ ಹೆಚ್ಚಿದಷ್ಟೂ ಅಂಚಿನಿಂದ ದೂರವಿರಬೇಕು.

ನೆರಳು ಎಷ್ಟಿದೆ ಎಂಬುದರಷ್ಟೇ ಅದು ಹೇಗೆ ಹರಡಿದೆ ಎಂಬುದೂ ಮುಖ್ಯ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಬಯಲಿನ ಅಂಗಳಗಳನ್ನು ಕಟ್ಟಿ, ಕೆಲವದರಲ್ಲಿ ನೆರಳಿನ ಬಟ್ಟೆಯನ್ನು ಒಂದೇ ದೊಡ್ಡ ತುಂಡಾಗಿಯೂ ಕೆಲವದರಲ್ಲಿ ಅಷ್ಟೇ ಬಟ್ಟೆಯನ್ನು ಹಲವು ಸಣ್ಣ ತುಂಡುಗಳಾಗಿಯೂ ಕಟ್ಟಿ, ಹಲ್ಲಿಗಳನ್ನು ಬಿಟ್ಟು ನೋಡಿದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಗಿದೆ. ಸಣ್ಣ ಸಣ್ಣ ನೆರಳುಗಳು ಚದುರಿದ್ದಲ್ಲಿ ಹಲ್ಲಿಗಳು ಕಡಿಮೆ ಓಡಾಟದಿಂದ ಮೈಯ ಹದವನ್ನು ಚೆನ್ನಾಗಿ ಕಾಪಾಡಿಕೊಂಡವು. ಸಾಲುಮರಗಳನ್ನು ಕಡಿದು, ಅದರ ಬದಲಿಗೆ ಊರ ಹೊರಗೆ ಒಂದು ಉದ್ಯಾನ ಮಾಡಿ, ಹಸಿರಿನ ಒಟ್ಟು ವಿಸ್ತೀರ್ಣ ಅಷ್ಟೇ ಇದೆಯಲ್ಲ ಎನ್ನುವವರಿಗೆ ಓತಿಕೇತ ಒಪ್ಪಲಾರದು ಎಂದು ನಾನು ಇದನ್ನು ಓದಿದಾಗ ಅಂದುಕೊಂಡೆ.

ಹವಾಮಾನ ಬದಲಾವಣೆಯ ಮಾತಿಗೆ ಈಗ ಬರಬಹುದು. 1967ರಲ್ಲಿ ಡೇನಿಯಲ್ ಜಾನ್ಜೆನ್ ಎಂಬ ಪರಿಸರ ವಿಜ್ಞಾನಿ, ಉಷ್ಣವಲಯದ ಪ್ರಾಣಿಗಳಿಗೆ ಬೆಟ್ಟದ ಕಣಿವೆದಾರಿಗಳು ಹೆಚ್ಚು ಎತ್ತರವೆನಿಸುತ್ತವೆ ಎಂಬ ವಾದ ಮುಂದಿಟ್ಟರು. ವರ್ಷವಿಡೀ ಒಂದೇ ತೆರನ ಹವೆಯಲ್ಲಿ ಬದುಕುವ ಜೀವಿಗಳ ರೇಖೆ ಇಕ್ಕಟ್ಟಾಗಿರುತ್ತದೆ. ಆದ್ದರಿಂದ ಬೆಟ್ಟದ ತಂಪು ಅವಕ್ಕೆ ಗೋಡೆಯಂತಾಗುತ್ತದೆ ಎಂಬುದು ಅದರ ತಿರುಳು. 2008ರಲ್ಲಿ ಕೀಟಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು ಇದನ್ನೇ ಮುಂದುವರಿಸಿ, ಉಷ್ಣವಲಯದಲ್ಲಿ ತಾಪ ಏರುವುದು ಕಡಿಮೆಯಾದರೂ ಅಲ್ಲಿನ ಕೀಟಗಳು ಈಗಾಗಲೇ ಶಿಖರದ ಹತ್ತಿರವೇ ಇರುವುದರಿಂದ ಹೆಚ್ಚು ಹಾನಿ ಅವಕ್ಕೇ ಎಂದಿತು. ಆ ತೀರ್ಮಾನದಲ್ಲಿ ಸರಾಸರಿಯ ಪಾತ್ರ ದೊಡ್ಡದಿತ್ತು. 2013ರಲ್ಲಿ ಇನ್ನೊಂದು ತಂಡ ದಿನದ ಮತ್ತು ಋತುವಿನ ಏರಿಳಿತಗಳನ್ನು ಸೇರಿಸಿ ಲೆಕ್ಕ ಮಾಡಿದಾಗ, ಬೇಸಿಗೆಯ ತುದಿತಾಪಗಳು ಕಡಿದಾಗಿರುವ 20ರಿಂದ 40 ಡಿಗ್ರಿ ಅಕ್ಷಾಂಶಗಳ ನಡುವಿನ ಪ್ರಾಣಿಗಳೂ ದೊಡ್ಡ ಅಪಾಯದಲ್ಲಿವೆ ಎಂದು ಕಂಡಿತು. ಒಂದೇ ಪ್ರಶ್ನೆ, ಏರಿಳಿತವನ್ನು ಸೇರಿಸಿದ್ದಕ್ಕೆ ನಕ್ಷೆಯೇ ಬದಲಾಯಿತು. ನಮ್ಮ ಬೀದರ್, ಕಲಬುರಗಿಗಳು ಈ ಪಟ್ಟಿಯ ಕೆಳಗಿನ ಅಂಚಿಗೆ ಸಮೀಪದಲ್ಲಿವೆ.

ಮೆಕ್ಸಿಕೋದ ಹಲ್ಲಿಗಳಲ್ಲಿ ಇದು ಆಗಲೇ ಕಂಡಿದೆ. 48 ಜಾತಿಗಳನ್ನು 200 ಜಾಗಗಳಲ್ಲಿ ಮತ್ತೆ ಹುಡುಕಿದ ತಂಡವೊಂದು, 1975ರಿಂದೀಚೆಗೆ ಆ ಸ್ಥಳೀಯ ಗುಂಪುಗಳಲ್ಲಿ ಶೇಕಡಾ 12ರಷ್ಟು ಕಣ್ಮರೆಯಾಗಿವೆ ಎಂದು 2010ರಲ್ಲಿ ವರದಿ ಮಾಡಿತು. ಅವು ಬಿಸಿಲಿಗೆ ಬೆಂದು ಸತ್ತವು ಎಂದು ಭಾವಿಸಬಾರದು. ಮೊಟ್ಟೆ–ಮರಿಗಳಿಗೆ ಶಕ್ತಿ ಕೂಡಿಡಬೇಕಾದ ವಸಂತಕಾಲದಲ್ಲಿ, ಹೊರಗೆ ಬಂದು ಹುಳ ಹಿಡಿಯಲು ಯೋಗ್ಯವಾದ ಗಂಟೆಗಳು ಕಡಿಮೆಯಾಗುತ್ತಾ ಬಂದವು. ಹಲ್ಲಿ ನೆರಳಿನಲ್ಲಿ ಸುರಕ್ಷಿತವಾಗಿಯೇ ಕುಳಿತಿತ್ತು, ಹಸಿದು ಕುಳಿತಿತ್ತು. ಓಡುವ ಸಾಮರ್ಥ್ಯ ಇದ್ದೂ ಓಡುವುದಕ್ಕೆ ಹೊತ್ತಿಲ್ಲದ ಸ್ಥಿತಿ ಇದು.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೊದಲನೆಯದು ಒಬ್ಬ ವಿದ್ಯಾರ್ಥಿನಿಯದು: ಹಗಲಿಗಿಂತ ರಾತ್ರಿಯ ಉಷ್ಣತೆ ಹೆಚ್ಚು ಏರಿದರೆ ಏರಿಳಿತ ಕಡಿಮೆಯಾಗುತ್ತದೆಯಲ್ಲ, ಅದು ಪ್ರಾಣಿಗಳಿಗೆ ಅನುಕೂಲವಲ್ಲವೇ? ಒಳ್ಳೆಯ ಪ್ರಶ್ನೆ. ಕಳೆದ ಶತಮಾನದ ನಡುವಿನಿಂದೀಚೆಗೆ ಭೂಭಾಗದ ಬಹಳಷ್ಟು ಕಡೆ ರಾತ್ರಿಗಳು ಹಗಲುಗಳಿಗಿಂತ ಬೇಗ ಬಿಸಿಯಾಗಿರುವುದು ನಿಜ. ತಂಪು ನಾಡಿನ ಹಲ್ಲಿಗೆ ಬೆಚ್ಚನೆಯ ರಾತ್ರಿ ನೆರವಾಗಬಹುದು; ಹೊಟ್ಟೆಯಲ್ಲಿರುವ ಹುಳ ಬೇಗ ಜೀರ್ಣವಾಗುತ್ತದೆ, ಬೆಳಿಗ್ಗೆ ಬೇಗ ಹೊರಡಬಹುದು. ಬಿಸಿನಾಡಿನ ಹಲ್ಲಿಗೆ ಅದೇ ರಾತ್ರಿ ಖರ್ಚಿನ ರಾತ್ರಿ. ಮಲಗಿದ್ದರೂ ಚಯಾಪಚಯ ಚುರುಕಾಗಿ ನಡೆದು ಕೂಡಿಟ್ಟ ಶಕ್ತಿ ಕರಗುತ್ತದೆ, ಬಿಸಿಯ ಹಗಲಿನಲ್ಲಾದ ಹಾನಿಯನ್ನು ಸರಿಪಡಿಸಿಕೊಳ್ಳುವ ತಂಪಿನ ಹೊತ್ತೂ ಮೊಟಕಾಗುತ್ತದೆ.

ಎರಡನೆಯ ಪ್ರಶ್ನೆ ಹಿರಿಯರೊಬ್ಬರದು: ‘ಅದೆಲ್ಲ ಇರಲಿ ಮೇಷ್ಟ್ರೇ, ನಮ್ಮನೆ ಗೋಡೆಯ ಹಲ್ಲಿ ರಾತ್ರಿ ಹೊತ್ತೇ ಓಡಾಡುತ್ತದಲ್ಲ, ಅದಕ್ಕೆ ತಂಪೇ ಇಷ್ಟವೇ?’ ಹಾಗೆಂದು ವಿಜ್ಞಾನಿಗಳೂ ಊಹಿಸಿದ್ದರು. ನಿಶಾಚರಿ ಹಲ್ಲಿಗಳ ಓಟವನ್ನು ಅಳೆದು 1989ರಲ್ಲಿ ಪ್ರಕಟಿಸಿದ ಅಧ್ಯಯನ ಊಹೆಯನ್ನು ಸುಳ್ಳುಮಾಡಿತು. ಅವು ಅತಿ ವೇಗವಾಗಿ ಓಡುವುದೂ ಹಗಲಿನ ಹಲ್ಲಿಗಳಂತೆ ಬೆಚ್ಚಗಿರುವಾಗಲೇ. ರಾತ್ರಿಯಲ್ಲಿ ಅವು ತಮ್ಮ ಶಿಖರಕ್ಕಿಂತ ಬಹಳ ಕೆಳಗೆ ಕೆಲಸ ಮಾಡುತ್ತವೆ. ಅದಕ್ಕೆ ಅವು ಕಂಡುಕೊಂಡ ಪರಿಹಾರ ವೇಗದಲ್ಲಿಲ್ಲ, ಮಿತವ್ಯಯದಲ್ಲಿದೆ. ಮಧ್ಯ ಏಷ್ಯಾದ ಒಂದು ನಿಶಾಚರಿ ಹಲ್ಲಿಯನ್ನು ಅಳೆದು ನೋಡಿದಾಗ, ಅಷ್ಟೇ ದೂರ ನಡೆಯಲು ಅದೇ ಗಾತ್ರದ ಹಗಲಿನ ಹಲ್ಲಿಗೆ ಬೇಕಾಗುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಅದಕ್ಕೆ ಸಾಕಾಗುತ್ತಿತ್ತು. ಇನ್ನು ನಿಮ್ಮ ಮನೆಯ ಹಲ್ಲಿ ಹಗಲೆಲ್ಲ ಎಲ್ಲಿರುತ್ತದೆ ಎಂದು ಫೋಟೋ ಫ್ರೇಮಿನ ಹಿಂದೆ, ಬಿಸಿಲು ಬೀಳುವ ಗೋಡೆಯ ಬಿರುಕಿನಲ್ಲಿ ಒಮ್ಮೆ ನೋಡಿ ಎಂದು ಅವರಿಗೆ ಹೇಳಿದೆ.